ಡಿಸ್ಕೋ ಬಾಗಿಲಲ್ಲಿ ತುಂಬಿದ ಉಡಿ

ನಾನು ಮೂರು ವರ್ಷ ಡಿಸ್ಕೋದಲ್ಲಿ ಕೆಲಸ ಮಾಡಿದ್ದೇನೆ ಎಂದರೆ ನಮ್ಮ ಕಡೆಯ ನೆಂಟರು ಇವತ್ತಿಗೂ ನಂಬುವುದಿಲ್ಲ. ನಂಬಿದವರು ಮುಂದಿನ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಾನು ಕುಣಿಯಲಿಲ್ಲ. ಬಾಗಿಲ ಹೊರಗೆ ಒಂದು ಮೇಜು ಹಾಕಿಕೊಂಡು ಕೂತು, ಒಳಗೆ ಹೋಗುವ ಹೆಣ್ಣುಮಕ್ಕಳ ಚೀಲ ತೆರೆಸಿ ನೋಡುವುದು, ಅವರು ಗಾಡಿಯ ಮೇಲೆ ಮುಖಕ್ಕೆ ಸುತ್ತಿಕೊಂಡು ಬಂದ ಓಢಣಿ, ಸ್ವೆಟರು, ಎತ್ತರದ ಹಿಮ್ಮಡಿಯ ಚಪ್ಪಲಿ ಇವನ್ನು ತೆಗೆದಿಟ್ಟುಕೊಂಡು ನಂಬರಿನ ಬಿಲ್ಲೆ ಕೊಡುವುದು ನನ್ನ ಕೆಲಸವಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಪುಣೆ ಕ್ಯಾಂಪಿನ ಒಂದು ಗಲ್ಲಿಯಲ್ಲಿ. ಎರಡು ಗಲ್ಲಿ ದಾಟಿದರೆ ಕುಂದಾಪುರದ ಕಡೆಯವರೊಬ್ಬರ ಇಡ್ಲಿ ಹೋಟೆಲು. ನಮ್ಮ ಮನೆಯವರು ಕಚೇರಿಗೆ ಹೋಗುವ ಮೊದಲು ಅಲ್ಲಿ ಒಂದು ಲೋಟ ಕಾಫಿ ಕುಡಿಯದಿದ್ದರೆ ಅವರ ದಿನ ಶುರುವಾಗುತ್ತಿರಲಿಲ್ಲ. ಆ ಹೋಟೆಲಿನ ಮಾಲಕರು ಮೇಲಿನ ಮಹಡಿಯ ಗೋಡಾನನ್ನು ಖಾಲಿ ಮಾಡಿಸಿ, ಕನ್ನಡಿ ಚೂರು ಅಂಟಿಸಿದ ಒಂದು ಚೆಂಡು ತೂಗಿಬಿಟ್ಟು, ವಾರಕ್ಕೆ ಮೂರು ರಾತ್ರಿ ಕುಣಿಯುವ ಕ್ಲಬ್ಬು ಶುರು ಮಾಡಿದರು. ನಲವತ್ತು ಜನ ಹಿಡಿಸಿದರೆ ಹೆಚ್ಚು. ಎದುರಿನ ಗೋಡೆಯ ತುಂಬ ಒಂದು ದ್ವೀಪದ ಚಿತ್ರ ಬರೆಸಿದ್ದರು. ನೀಲಿ ಸಮುದ್ರ, ಮರಳು, ಬಣ್ಣದ ಛತ್ರಿ, ಪರದೇಶದ ಪ್ರವಾಸಿಗರು, ಎಲ್ಲ ಇತ್ತು. ಬರೆದವನು ಸೋಲಾಪುರದ ಕಡೆಯವನಂತೆ, ಸಮುದ್ರ ಕಂಡವನಲ್ಲ. ತೆಂಗಿನ ಮರಗಳಿಗೆ ಬಾಳೆ ಎಲೆ ಬಿಡಿಸಿದ್ದ. ಮಾಲಕರು ಬಂದವರಿಗೆಲ್ಲ ಅದನ್ನು ತೋರಿಸಿ, "ಸಮುದ್ರದ ಬದಿಯಲ್ಲೇ ಹುಟ್ಟಿದವ ನಾನು, ನನಗೆ ಇದನ್ನು ನೋಡುವ ಗ್ರಹಚಾರ ಮಾರಾಯ್ರೇ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಅಳಿಸಲು ಮಾತ್ರ ಮನಸ್ಸು ಬರಲಿಲ್ಲ.

ಒಂದು ಮುಂಜಾನೆ ಅವರು ನಮ್ಮ ಮನೆಯವರ ಹಿಂದೆಯೇ ಮನೆಗೆ ಬಂದರು.

"ಅಕ್ಕ, ಹೆಂಗಸರ ಬ್ಯಾಗಿಗೆ ಗಂಡಸರು ಕೈ ಹಾಕುವ ಹಾಗಿಲ್ಲ. ಹಾಕದಿದ್ದರೆ ಬಾಟ್ಲಿ ಒಳಗೆ ಬರ್ತದೆ. ನಿಮ್ಮಂಥವರು ಒಬ್ಬರು ಬಾಗಿಲಲ್ಲಿ ಕೂತರೆ ನನಗೆ ಧೈರ್ಯ. ಎಂತ ಹೇಳ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, "ಕೊಡ್ರಿ, ಕೊಡ್ರಿ. ಇಪ್ಪತ್ತೆರಡು ವರ್ಷ ನನ್ನ ಕಿಸೆ ತಪಾಸ ಮಾಡಿ ಮಾಡಿ ಅಕಿ ಕೈ ಪಳಗ್ಯಾವ" ಎಂದರು.

ಹೀಗೆ ನನ್ನ ಜೀವನದ ಮೊದಲ ನೌಕರಿ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸಿಕ್ಕಿತು. ಸಂಜೆ ಏಳೂವರೆಗೆ ಅನ್ನ ಸಾರು ಮುಚ್ಚಿಟ್ಟು ಹೋಗುತ್ತಿದ್ದೆ. ಹನ್ನೊಂದೂವರೆಗೆ ಕಾವಲುಗಾರ ಮನೆಯ ತನಕ ಬಿಟ್ಟು ಹೋಗುತ್ತಿದ್ದ. ಕ್ಲಬ್ಬು ಆಮೇಲೂ ಒಂದು ಗಂಟೆಯ ತನಕ ನಡೆಯುತ್ತಿತ್ತು. ಚೀಲಗಳಲ್ಲಿ ನಾನು ಕಂಡ ಬಾಟ್ಲಿಗಳು ಕಡಿಮೆ. ಬಾಚಣಿಗೆ, ಪುಸ್ತಕ, ಅರ್ಧ ತಿಂದ ವಡಾಪಾವು, ಹಾಸ್ಟೆಲಿನ ಬೀಗದ ಕೈ ಇವೇ ಹೆಚ್ಚು. ನಾನೂ ಮೇಜಿನ ಡ್ರಾಯರಿನಲ್ಲಿ ಸೂಜಿ ದಾರ, ಪಿನ್ನು, ಜೀರಿಗೆ ಗುಳಿಗೆ ಇಟ್ಟುಕೊಂಡೆ. ಕುಣಿದು ಗುಂಡಿ ಕಿತ್ತುಕೊಂಡು ಹೊರಗೆ ಬಂದ ಹುಡುಗಿಯರಿಗೆ ನಿಂತ ಹಾಗೇ ಹಚ್ಚಿಕೊಡುತ್ತಿದ್ದೆ. ಮೂರು ತಿಂಗಳಲ್ಲಿ ಎಲ್ಲರಿಗೂ ನಾನು ಮಾವಶಿ, ಅಂದರೆ ಚಿಕ್ಕಮ್ಮ, ಆದೆ.

ಆ ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಹೆಣ್ಣುಮಗಳ ಜೊತೆ ಇಲ್ಲದೆ ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಬರುವವರೆಲ್ಲ ಜೋಡಿಯಾಗಿಯೇ ಮೆಟ್ಟಿಲು ಹತ್ತುತ್ತಿದ್ದರು. ಅವರಲ್ಲಿ ಅರ್ಧ ಜನ ಬರೀ ಒಂದೇ ಕ್ಲಾಸಿನವರು, ಬಾಗಿಲು ದಾಟಿದ ಮೇಲೆ ಇವನು ಒಂದು ಮೂಲೆ, ಅವಳು ಒಂದು ಮೂಲೆ ಎಂಬುದು ಹೊರಗೆ ಕೂತ ನನಗೆ ಆಗಿನ್ನೂ ತಿಳಿದಿರಲಿಲ್ಲ.

ಎರಡನೆಯ ವರ್ಷ ರಥಸಪ್ತಮಿ ಶನಿವಾರ ಬಂತು. ಸಂಕ್ರಾಂತಿಯಿಂದ ರಥಸಪ್ತಮಿಯ ಒಳಗೆ ಐದು ಜನ ಮುತ್ತೈದೆಯರಿಗೆ ಉಡಿ ತುಂಬುವುದು ನಮ್ಮ ಅತ್ತೆಯವರಿಂದ ಬಂದ ಪದ್ಧತಿ. ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಇಷ್ಟನ್ನು ಸೆರಗಿಗೆ ಹಾಕಿ ಕಳಿಸಬೇಕು. ನಾಲ್ಕು ಉಡಿ ಮುಗಿದಿದ್ದವು. ಐದನೆಯದು ಪಕ್ಕದ ಮನೆಯಾಕೆಗೆಂದು ಇಟ್ಟಿದ್ದೆ. ಅವರಿಗೆ ಮಗಳ ಬಾಣಂತನದ ಫೋನು ಬಂದು, ಮಧ್ಯಾಹ್ನದ ರೈಲಿಗೆ ಊರಿಗೆ ಹೊರಟೇಬಿಟ್ಟರು. ಸೂರ್ಯ ಮುಳುಗಿದ, ಉಡಿ ಉಳಿಯಿತು, ನನಗೆ ಡ್ಯೂಟಿಯ ಹೊತ್ತಾಯಿತು.

"ಅಲ್ಲೇ ಒಯ್ಯಿ," ಎಂದರು ನಮ್ಮ ಮನೆಯವರು. "ನಲವತ್ತು ಮಂದಿ ಬರ್ತಾರ. ಒಬ್ಬಾಕಿ ಮುತ್ತೈದಿ ಸಿಗೂದಿಲ್ಲೇನು?"

ಹೇಳಿದ್ದು ನಗೆಗೆ. ನನಗೆ ಅದು ಸರಿಯಾಗಿಯೇ ಕಂಡಿತು. ಉಡಿಯ ಸಾಮಾನು, ಕುಂಕುಮದ ಭರಣಿ ಚೀಲದಲ್ಲಿಟ್ಟುಕೊಂಡು ಹೋದೆ.

ಆ ಸಂಜೆ ಚೀಲಗಳಿಗಿಂತ ಕೊರಳುಗಳನ್ನು ಹೆಚ್ಚು ನೋಡಿದೆ. ಒಂದರಲ್ಲೂ ತಾಳಿಯಿಲ್ಲ, ಕರಿಮಣಿಯಿಲ್ಲ. ಎಂಟೂವರೆಯಾಯಿತು. ಆಗ ಒಬ್ಬ ಹುಡುಗಿ ಮೇಜಿನ ಅಂಚು ಹಿಡಿದು ಎತ್ತರದ ಚಪ್ಪಲಿ ಬಿಚ್ಚಿದಳು. ನೋಡುತ್ತೇನೆ, ಎರಡೂ ಕಾಲಿನ ಎರಡನೆಯ ಬೆರಳಿಗೆ ಬೆಳ್ಳಿಯ ಕಾಲುಂಗುರ! ಹಿಂದೆ ಅವಳ ಚೀಲ ಹಿಡಿದುಕೊಂಡು ಒಬ್ಬ ಹುಡುಗ ವಿನಯದಿಂದ ನಿಂತಿದ್ದಾನೆ. ಮರಾಠಿಯಲ್ಲಿ ಯಾವ ಊರು ಎಂದು ಕೇಳಿದೆ. ಅವಳ ಮರಾಠಿಯ ಎಳೆತ ಕೇಳಿಯೇ ಗೊತ್ತಾಯಿತು.

"ಕನ್ನಡದಾಕಿ ಏನು?"

"ಹೌದ್ರಿ. ಹುಬ್ಬಳ್ಳಿರಿ."

ದೇವರೇ ಕಳಿಸಿದ ಹಾಗಾಯಿತು. ಕಾಲುಂಗುರ ಇಟ್ಟವಳನ್ನು ಮದುವೆಯಾಗಿದೆಯೇ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. "ತಂಗಿ, ಒಂದು ಐದು ನಿಮಿಷ ಇಲ್ಲಿ ಕೂಡು" ಎಂದು ನನ್ನ ಕುರ್ಚಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂಡಿಸಿದೆ. ಪೂರ್ವಕ್ಕೆ ಇದ್ದದ್ದು ಕರೆಂಟಿನ ಮೀಟರು. ಗಲ್ಲಕ್ಕೆ ಅರಿಷಿಣ, ಹಣೆಗೆ ಕುಂಕುಮ ಹಚ್ಚಿ, ಬೈತಲೆಗೂ ಒಂದು ಎಳೆ ಎಳೆದೆ. ಸೆರಗಿಲ್ಲ, ಹುಡುಗಿ ಜೀನ್ಸಿನ ಜಾಕೀಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಮುಂದೆ ಮಾಡಿದಳು. ಎಷ್ಟು ತಿಳಿದ ಮಗಳು ಎಂದು ನನಗೆ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಡಬ್ ಡಬ್ ಎಂದು ಬಡಿಯುವ ಸದ್ದಿಗೆ ಕುಂಕುಮದ ಭರಣಿ ಮೇಜಿನ ಮೇಲೆ ತಾನೇ ಸರಿಯುತ್ತಿತ್ತು. ಐದು ಸಲ ಅಕ್ಕಿ ಹಾಕಿ, "ನೂರು ವರ್ಷ ಮುತ್ತೈದಿಯಾಗಿ ಬಾಳವ್ವಾ" ಎಂದೆ. ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿ, ಸಾಮಾನನ್ನು ಚೀಲಕ್ಕೆ ಸುರಿದುಕೊಂಡು ಬಿಲ್ಲೆ ಇಸಿದುಕೊಂಡು ಒಳಗೆ ಓಡಿದಳು.

ಹುಡುಗ ಅಲ್ಲೇ ನಿಂತಿದ್ದ. "ಮಾವಶಿ, ಮಲಾಪಣ ಕಾಹೀ ಕರಾಯಚಂ ಆಹೇ ಕಾ?" ತಾನೂ ಏನಾದರೂ ಮಾಡಿಸಿಕೊಳ್ಳಬೇಕೇ ಎಂದು ಅವನ ಚಿಂತೆ. ಅವನ ಕೈಗೆ ಒಂದು ಎಳ್ಳುಂಡೆ ಕೊಟ್ಟು, ಅವಳನ್ನು ಚೆನ್ನಾಗಿ ನೋಡಿಕೋ ಎಂದೆ. ಅವನು ಕಣ್ಣು ಕಣ್ಣು ಬಿಡುತ್ತ ಎಳ್ಳುಂಡೆ ತಿಂದು ಒಳಗೆ ಹೋದ.

ಸೋಮವಾರ ಮಧ್ಯಾಹ್ನ ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಾಗ ಅದೇ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಹೋಟೆಲಿನಲ್ಲಿ ಕೇಳಿಕೊಂಡು ಬಂದಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಆಂಟಿ, ನಮ್ಮ ಮೌಶಿ ನಂದು ಲಗ್ನ ಆಗೇದ ಅಂತ ತಿಳಕೊಂಡಾರ್ರಿ."

"ಆಗಿಲ್ಲೇನು?"

"ಇಲ್ರಿ!"

ಸೊಪ್ಪು ನನ್ನ ಕೈಯಿಂದ ಜಾರಿತು. ಅವಳು ವಿಮಾನ ನಗರದಲ್ಲಿ ತಾಯಿಯ ತಂಗಿಯಾದ ಈ ಮೌಶಿಯ ಮನೆಯಲ್ಲಿದ್ದು ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಗೆಳತಿಯ ಮನೆಯಲ್ಲಿ ಅಭ್ಯಾಸ ಎಂದು ಸುಳ್ಳು ಹೇಳಿ ಆ ಶನಿವಾರ ಕುಣಿಯಲು ಬಂದಿದ್ದಳು. ಚೀಲ ಹಿಡಿದಿದ್ದ ಹುಡುಗ ಬರೀ ಕ್ಲಾಸಿನವನು. ಮನೆಗೆ ಹೋಗುವ ಮೊದಲು ಮುಖವನ್ನೇನೋ ತೊಳೆದುಕೊಂಡಿದ್ದಳು. ಬೈತಲೆಯ ಕುಂಕುಮ ಅವಳಿಗೇ ಕಂಡಿರಲಿಲ್ಲ. ಬಾಗಿಲು ತೆರೆದ ಮೌಶಿಗೆ ಮೊದಲು ಕಂಡದ್ದು ಅದು, ಆಮೇಲೆ ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದ ಹುಡುಗ. ಚೀಲ ಕೊಡವಿದರೆ ಅರಿಷಿಣ ಹತ್ತಿದ ಅಕ್ಕಿ, ಕಣ, ಕೊಬ್ಬರಿ ಬಟ್ಟಲು. ಯಾವ ಗುಡಿಯಲ್ಲಿ ಅಕ್ಷತೆ ಬಿತ್ತು ಎಂದು ಮೌಶಿ ಕೇಳಿದ್ದಕ್ಕೆ ಇವಳು ಡಿಸ್ಕೋ ಎನ್ನಲು ಹೆದರಿ ಬಾಯಿ ಮುಚ್ಚಿಕೊಂಡಿದ್ದಾಳೆ. ಮೌಶಿ ಹುಬ್ಬಳ್ಳಿಗೆ ಫೋನು ಮಾಡಿ, ಮುಖಾಮುಖಿ ಮಾತಾಡುವುದಿದೆ, ಬನ್ನಿ ಎಂದು ಅವಳ ಅಪ್ಪನಿಗೆ ಹೇಳಿಬಿಟ್ಟಿದ್ದಾರೆ. ಬರುವ ಶನಿವಾರ ರಾತ್ರಿ ಹತ್ತೂವರೆಯ ಬಸ್ಸಿಗೆ ಅಪ್ಪ ಹೊರಡುವವರು.

"ಬಂದ್ರ ನನ್ನ ಕರಕೊಂಡೇ ಹೋಗ್ತಾರ್ರಿ. ಪರೀಕ್ಷಾ ಎರಡೇ ತಿಂಗಳದಾಗ ಅದ. ಒಮ್ಮೆ ಊರಿಗೆ ಒಯ್ದ್ರ ಮುಗೀತು, ಮತ್ತ ಕಳಸಂಗಿಲ್ಲ."

"ಅಲ್ಲವಾ, ಮತ್ತ ಕಾಲುಂಗುರ?"

"ಫ್ಯಾಶನ್ ರಿ. ಕಾಲೇಜಿನ್ಯಾಗ ಎಲ್ಲಾರೂ ಹಾಕ್ತಾರ. ಎಂ.ಜಿ. ರಸ್ತಾದಾಗ ಗಾಡಿ ಮ್ಯಾಲೆ ಮಾರ್ತಾರ."

"ಉಡಿ ತುಂಬೂಮುಂದ ಬ್ಯಾಡ ಅನಬಾರದಾಗಿತ್ತೇನು?"

ಹುಡುಗಿ ತಲೆ ತಗ್ಗಿಸಿದಳು. "ನೀವು ಬಾಗಿಲಾಗ ಕೂತವರು. ಬ್ಯಾಡ ಅಂದ್ರ ಒಳಗ ಬಿಡ್ತೀರೋ ಇಲ್ಲೋ ಅಂತ ಸುಮ್ಮನಾದ್ನಿರಿ. ಹಬ್ಬದ ದಿನ ಇದೂ ಒಂದು ನಿಯಮ ಇರಬೇಕು ಅನಕೊಂಡೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ತಪ್ಪು ನನ್ನದು. ಉಡಿ ತುಂಬಿ ಒಂದು ಮಗುವಿನ ಓದು ಕೆಡಿಸಿದ ಪಾಪ ಯಾವ ಜನ್ಮಕ್ಕೆ? ಮರುದಿನವೇ ರಿಕ್ಷಾ ಮಾಡಿಕೊಂಡು ಅವಳ ಜೊತೆ ವಿಮಾನ ನಗರಕ್ಕೆ ಹೊರಟೆ. ದಾರಿಯಲ್ಲಿ ಅವಳಿಗೆ ಒಂದು ಮಾತು ಕೇಳಿದೆ. "ನೋಡು, ನಾ ಖರೇ ಹೇಳಾಕಿ. ಹೇಳಿದ್ರ ನೀ ಕುಣಿಯಾಕ ಹೋಗಿದ್ದೂ ಹೊರಗ ಬೀಳ್ತದ. ಲಗ್ನ ಆದಾಕಿ ಅನಿಸ್ಕೋತಿಯೋ, ಕುಣಿಯಾಕಿ ಅನಿಸ್ಕೋತಿಯೋ?"

ಅವಳು ಯೆರವಡಾ ದಾಟುವ ತನಕ ವಿಚಾರ ಮಾಡಿ, "ಕುಣಿಯಾಕಿ ರಿ" ಎಂದಳು.

ಮೌಶಿ ಗಟ್ಟಿಗಿತ್ತಿ. ನನ್ನ ವಯಸ್ಸಿನವರೇ. ಅವರ ಯಜಮಾನರಿಗೆ ಭೋಸರಿಯ ಕಾರಖಾನೆಯಲ್ಲಿ ರಾತ್ರಿ ಪಾಳಿ, ಹಗಲು ಮಲಗುತ್ತಿದ್ದರು. ಆದ್ದರಿಂದ ಮನೆಯ ಎಲ್ಲ ತೀರ್ಮಾನ ಇವರದೇ, ಅದೂ ಸಣ್ಣ ದನಿಯಲ್ಲಿ. ಸಿಟ್ಟು ಎಷ್ಟೇ ಇರಲಿ, ಮೊದಲು ಚಹಾ ಮತ್ತು ಚೂಡಾ ತಂದು ಮುಂದಿಟ್ಟರು. ನಾನು ಎಲ್ಲ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು.

"ಡಿಸ್ಕೋದಾಗ ಉಡಿ ತುಂಬತಾರ ಅಂತ ಹೇಳ್ಲಿಕ್ಕತ್ತೀರಿ."

"ತುಂಬಂಗಿಲ್ರಿ. ನಾ ತುಂಬೀನಿ."

"ರಥಸಪ್ತಮಿ ದಿನ."

"ಹೌದ್ರಿ. ಐದನೇದಾಕಿ ಸಿಗಲಿಲ್ಲ, ಅದಕ್ಕ."

"ಬಾಯಾರ, ಹುಡುಗನ ಕಡೆಯವರು ನಿಮ್ಮನ್ನ ಕಳಿಸ್ಯಾರೇನು? ಖರೇ ಹೇಳ್ರಿ. ನೀವು ಅವನ ತಾಯಿನೋ, ಕಾಕೂನೋ?"

ಹುಡುಗಿ ಮತ್ತೆ ಅಳಲು ಶುರು ಮಾಡಿದಳು. ಆಗ ನನಗೆ ಹೊಳೆಯಿತು. "ಆ ಕಣ ತರ್ರಿ ಇಲ್ಲೆ," ಎಂದೆ. "ಬಿಚ್ಚಬ್ಯಾಡ್ರಿ. ಒಳಗ ಏನದ ನಾ ಹೇಳ್ತೀನಿ."

ಮೌಶಿ ಕಪಾಟಿನಿಂದ ಗಂಟು ತಂದರು. ಕಳವಿನ ಮಾಲು ಗುರುತು ಹಿಡಿಯುವವಳ ಹಾಗೆ ನಾನು ಹೇಳುತ್ತ ಹೋದೆ. ಹಸಿರು ಕಣ, ಕೆಂಪು ಅಂಚು, ಒಂದು ಮೂಲೆಯಲ್ಲಿ ಅಂಗಡಿಯವನ ಪೆನ್ಸಿಲಿನ ಗೀಟು. ಅರಿಷಿಣದ ಕೊಂಬಿಗೆ ಎರಡು ಗಂಟಿನ ಬಿಳಿ ದಾರ. "ಉತ್ತತ್ತಿ ನಾಕ ಅದಾವ. ಐದು ಇರಬೇಕಾಗಿತ್ತು. ಐದನೇದು ನಮ್ಮ ಮನೆಯವರು ತಿಂದ್ರು. ಅದರ ಬದಲಿ ಒಂದು ಬದಾಮಿ ಹಾಕೀನಿ."

ಮೌಶಿ ಗಂಟು ಬಿಚ್ಚಿ ಬೆರಳಿನಿಂದ ಅಕ್ಕಿ ಸರಿಸಿ ಎಣಿಸಿದರು. ಬದಾಮಿ ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು ನೋಡಿದರು, ಅದರ ಮೇಲೆ ಏನೋ ಬರೆದಿದೆ ಎಂಬ ಹಾಗೆ.

"ಮದುವಿ ಮಾಡೋ ಮಂದಿ ಉಡ್ಯಾಗ ಬದಾಮಿ ಹಾಕಂಗಿಲ್ಲ ಬಿಡ್ರಿ," ಎಂದರು ಕೊನೆಗೆ. "ಇದು ನಮ್ಮಂಥಾಕಿ ಕೆಲಸ."

ನಾನು ಉಸಿರು ಬಿಡುವಷ್ಟರಲ್ಲಿ ಅವರು ಹುಡುಗಿಯ ಕಡೆ ತಿರುಗಿದರು. "ಲಗ್ನ ಇಲ್ಲ. ಆದ್ರ ಕುಣಿತ ಅದ! ಅಭ್ಯಾಸ ಅಂತ ಸುಳ್ಳ ಹೇಳಿ ಕುಣಿತ! ತಗಿ ಮದ್ಲು ಆ ಕಾಲುಂಗುರ." ಹುಡುಗಿ ಅಲ್ಲೇ ಕೂತು ತೆಗೆದುಕೊಟ್ಟಳು. ಮೌಶಿ ಅವನ್ನು ಚಹಾದ ಬಶಿಯಲ್ಲಿ ಠಣ್ಣೆಂದು ಹಾಕಿದರು. "ನಿಮ್ಮಪ್ಪ ಬರಲಿ. ಲಗ್ನದ ಮಾತು ನಾ ಎತ್ತಂಗಿಲ್ಲ. ಇದನ್ನ ಮಾತ್ರ ಹೇಳಾಕಿನ."

"ಹೇಳೋಕಿಂತ ಮದ್ಲು ಒಮ್ಮೆ ಬಂದು ನೋಡ್ರಿ," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. "ಎರಡು ವರ್ಷದ ಮಾತು ಬಿಡ್ರಿ, ಎರಡು ದಿನ ಕೆಟ್ಟ ಜಾಗಾದಾಗ ನಾ ಕೂಡಾಕಿ ಅಲ್ಲ. ಶನಿವಾರ ಎಂಟಕ್ಕ ಬರ್ರಿ. ಹುಬ್ಬಳ್ಳ್ಯಾಗ ಬಸ್ಸು ಬಿಡೋದು ಹತ್ತೂವರಿಗೆ. ನೋಡಿದ ಮ್ಯಾಲೆ ಕರಸೂದೋ ಬಿಡೂದೋ ನಿಮ್ಮ ಕೈಯಾಗ ಅದ."

ಶನಿವಾರ ಮೌಶಿ ಬಂದರು. ಇಳಕಲ್ ಸೀರೆ, ಮೇಲೆ ಶಾಲು, ಕೈಯಲ್ಲಿ ದೊಡ್ಡ ಚೀಲ, ಹಿಂದೆ ತಲೆ ತಗ್ಗಿಸಿದ ಹುಡುಗಿ. ನಿಯಮ ನಿಯಮವೇ ಎಂದು ಅವರ ಚೀಲವನ್ನೂ ತೆರೆಸಿದೆ. ಹತ್ತಿಯ ಉಂಡೆ, ಬ್ಯಾಟರಿ, ನೀರಿನ ತಂಬಿಗೆ, ತಳದಲ್ಲಿ ಒಂದು ಲಟ್ಟಣಿಗೆ.

"ಇದ್ಯಾಕ್ರಿ?"

"ಬೇಕಾಗ್ತದ, ಯಾರಿಗೆ ಗೊತ್ತು."

ಲಟ್ಟಣಿಗೆಯನ್ನು ತೆಗೆದಿಟ್ಟುಕೊಂಡು ಹದಿನೇಳನೆಯ ನಂಬರಿನ ಬಿಲ್ಲೆ ಕೊಟ್ಟೆ. ಮೌಶಿ ಕಿವಿಗೆ ಹತ್ತಿ ಇಟ್ಟುಕೊಂಡರು. ಹುಡುಗಿಯನ್ನು ಒಳಗೆ ಕಳಿಸಿ, ತಾವು ಬಾಗಿಲ ಗಾಜಿನಿಂದ ನೋಡುತ್ತ ನಿಂತರು. ಒಂದು ಗಂಟೆ ಕದಲಲಿಲ್ಲ. ನಾನು ಬಿಲ್ಲೆ ಕೊಡುತ್ತ, ಗುಂಡಿ ಹಚ್ಚುತ್ತ, ಅವರ ಬೆನ್ನನ್ನೇ ನೋಡುತ್ತಿದ್ದೆ. ಬೆನ್ನು ಏನನ್ನೂ ಹೇಳುತ್ತಿರಲಿಲ್ಲ. ಒಂಬತ್ತೂವರೆಯಾಯಿತು. ಹುಬ್ಬಳ್ಳಿಯಲ್ಲಿ ಅವಳ ಅಪ್ಪ ಈಗ ಊಟ ಮುಗಿಸಿ ಚೀಲ ಕಟ್ಟುತ್ತಿರಬೇಕು ಎನಿಸಿತು.

ಆಗ ಮಾಲಕರು ಮೇಲೆ ಬಂದು ಯಾರೋ ಹೊಸ ಗಿರಾಕಿ ಎಂದುಕೊಂಡು, "ಅಮ್ಮ, ಹೊರಗೆ ಯಾಕೆ? ಒಳಗೆ ಬನ್ನಿ, ಕೂತುಕೊಳ್ಳಿ. ಬಾಳೆ ಎಲೆಯ ತೆಂಗಿನ ಮರ ಎಲ್ಲಿಯೂ ಸಿಗ್ಲಿಕ್ಕಿಲ್ಲ ನಿಮಗೆ" ಎಂದು ಬಾಗಿಲು ತೆರೆದೇಬಿಟ್ಟರು.

ಮೌಶಿ ಹೊಸ್ತಿಲಲ್ಲಿ ನಿಂತು ಒಳಗೆ ಕತ್ತು ಹಾಕಿದರು. ನಾನೂ ಎದ್ದು ಅವರ ಭುಜದ ಮೇಲಿಂದ ನೋಡಿದೆ. ಎರಡು ವರ್ಷದಲ್ಲಿ ಒಂದು ದಿನವೂ ನಾನು ಹಾಗೆ ನಿಂತು ನೋಡಿರಲಿಲ್ಲ. ಆರೇಳು ಹುಡುಗಿಯರು ವರ್ತುಲವಾಗಿ ನಿಂತು ಕುಣಿಯುತ್ತಿದ್ದರು. ನಮ್ಮ ಹುಡುಗಿ ಕಣ್ಣು ಮುಚ್ಚಿಕೊಂಡು, ಎರಡೂ ಕೈ ಮೇಲೆತ್ತಿ, ಮೌಶಿ ಇರುವುದನ್ನೂ ಅಪ್ಪ ಬರುವುದನ್ನೂ ಪೂರಾ ಮರೆತಿದ್ದಳು. ಎಳ್ಳುಂಡೆಯ ಹುಡುಗ ದೂರದ ಮೂಲೆಯಲ್ಲಿ ತನ್ನ ಗೆಳೆಯರ ಜೊತೆ ಹಾರುತ್ತಿದ್ದ. ಯಾರೂ ಯಾರ ಕೈಯನ್ನೂ ಹಿಡಿದಿರಲಿಲ್ಲ.

ಮೌಶಿ ಒಂದು ಕಿವಿಯ ಹತ್ತಿ ತೆಗೆದರು.

"ಇಷ್ಟಽ?"

"ಇಷ್ಟಽ ರಿ."

"ನಮ್ಮ ಪಡಸಾಲಿಗಿಂತ ಸಣ್ಣದು ಅದ. ಇದಕ್ಕ ಡಿಸ್ಕೋ ಅಂತಾರೇನು? ನಾಗರಪಂಚಮಿಗೆ ನಾವು ಕೈ ಕೈ ಹಿಡಕೊಂಡು ಗರಗರ ಫುಗಡಿ ಆಡ್ತಿದ್ವಿ, ಇದಕ್ಕಿಂತ ಜೋರು." ಅವರ ಬಲಗಾಲಿನ ಹೆಬ್ಬೆರಳು ತಾಳಕ್ಕೆ ಸರಿಯಾಗಿ ಏಳುತ್ತ ಬೀಳುತ್ತ ಇತ್ತು. "ಈ ಮುಖಾ ನಾ ಮನ್ಯಾಗ ನೋಡೇ ಇಲ್ರಿ. ಮನ್ಯಾಗ ಬರೇ ಪುಸ್ತಕದ ಮುಂದ ಗುಬ್ಬಿಮರಿ ಹಂಗ ಕೂತಿರ್ತಾಳ."

"ಎಷ್ಟಾತ್ರಿ ಗಂಟೆ?" ಎಂದು ಮೌಶಿಯೇ ಕೇಳಿದರು.

"ಹತ್ತಕ್ಕ ಇಪ್ಪತ್ತು ನಿಮಿಷ ಕಮ್ಮಿ."

ಮೌಶಿ ಸೀರೆಯ ನೆರಿಗೆ ಎತ್ತಿಕೊಂಡು ದಡದಡ ಮೆಟ್ಟಿಲು ಇಳಿದರು. ಕೆಳಗೆ ಹೋಟೆಲಿನ ಗಲ್ಲೆಯ ಪಕ್ಕ ಎಸ್.ಟಿ.ಡಿ. ಫೋನಿತ್ತು. ನಾನು ಮೇಜನ್ನು ಕಾವಲುಗಾರನಿಗೆ ಒಪ್ಪಿಸಿ ಹಿಂದೆಯೇ ಓಡಿದೆ. ಮೊದಲ ಸಲ ಲೈನು ಸಿಗಲಿಲ್ಲ. ಎರಡನೆಯ ಸಲ ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಹೊರಟೇಬಿಟ್ಟರೇನೋ ಎಂದು ನಾನು ಗಲ್ಲೆಯ ಮೇಲಿನ ಗಣಪತಿಗೆ ಕೈ ಮುಗಿದೆ. ಮೂರನೆಯ ಸಲ ಆ ಕಡೆಯಿಂದ ಗಂಡು ದನಿ ಕೇಳಿತು. ಅವರು ಬಾಗಿಲಿಗೆ ಬೀಗ ಹಾಕುತ್ತಿದ್ದವರು ತಿರುಗಿ ಒಳಗೆ ಬಂದಿದ್ದರಂತೆ.

"ಭಾವೋಜಿ, ಬರಬ್ಯಾಡ್ರಿ," ಎಂದು ಮೌಶಿ ಕೂಗಿದರು. ಕಿವಿಯಲ್ಲಿ ಇನ್ನೂ ಒಂದು ಹತ್ತಿ ಇತ್ತು. "ಹೌದು, ನಾನಽ ಹೇಳಿದ್ದೆ. ಈಗ ನಾನಽ ಬ್ಯಾಡ ಅನ್ಲಿಕ್ಕತ್ತೀನಿ. ಏನಿಲ್ಲ ರಿ, ಹುಡುಗಿ ಊಟಾ ಸರಿ ಮಾಡವಲ್ಲಳು ಅಂತ ಚಿಂತಿ ಆಗಿತ್ತು. ಈಗ ಛಲೋ ಉಣ್ಲಿಕ್ಕತ್ತಾಳ. ಅಭ್ಯಾಸ ಭಾಳ ಜೋರ್ ನಡದದ. ಪರೀಕ್ಷಾ ಮುಗದ ಮ್ಯಾಲೆ ಬರ್ರಿ." ಆ ಕಡೆಯವರು ಏನೋ ಕೇಳಿದರು. ಮೌಶಿ ಒಮ್ಮೆ ಮೇಲೆ ಛತ್ತಿನ ಕಡೆ ನೋಡಿದರು. ಅಲ್ಲಿಂದ ಡಬ್ ಡಬ್ ಸದ್ದು ಹೋಟೆಲಿನ ಲೋಟಗಳನ್ನೆಲ್ಲ ನಡುಗಿಸುತ್ತಿತ್ತು. "ಈ ಸಪ್ಪಳಾ? ಯಾರದೋ ಲಗ್ನ ರಿ, ಮಗ್ಗಲ ಮನಿಯವರದು. ನಮ್ದಲ್ಲ!"

ಫೋನಿಟ್ಟು ಅವರು ನನ್ನ ಕಡೆ ನೋಡಿದರು. ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಮಾಲಕರು ಏನೂ ತಿಳಿಯದೆ ಎರಡು ಕಾಫಿ ತರಿಸಿಕೊಟ್ಟರು.

ಹುಡುಗಿ ಹೆದರಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ಬೆವರಿಗೆ ಕೂದಲೆಲ್ಲ ಹಣೆಗೆ ಅಂಟಿತ್ತು.

"ಅಪ್ಪ ಬರಂಗಿಲ್ಲ," ಎಂದರು ಮೌಶಿ. "ಕೇಳು ಇಲ್ಲೆ. ಪರೀಕ್ಷಾ ಮುಗಿಯೂ ತನಕ ತಿಂಗಳಿಗೆ ಒಮ್ಮೆ. ನಾ ಜೊತಿಗೆ ಇರಬೇಕು. ಹತ್ತಕ್ಕ ಅಂದ್ರ ಹತ್ತಕ್ಕ ಮನಿಗೆ ಹೊರಡೂದು. ಇನ್ನೊಮ್ಮೆ ಸುಳ್ಳ ಹೇಳಿದಿ ಅಂದ್ರ ನಾನಽ ಹುಬ್ಬಳ್ಳಿ ಬಸ್ಸ್ ಹತ್ತಿಸಿ ಬರ್ತೀನಿ. ತಿಳೀತಿಲ್ಲೋ?"

ಹುಡುಗಿ ತಲೆಯಾಡಿಸಿದಳು. ಬಂದು ಮೌಶಿಯ ಕಾಲು ಹಿಡಿಯುತ್ತಾಳೆ ಎಂದುಕೊಂಡೆ ನಾನು. ಅವಳು ಹೋಟೆಲಿನ ಗಡಿಯಾರ ನೋಡಿದಳು. ಆಮೇಲೆ ಹಿಂದಿರುಗಿ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದಳು.

"ಎಲ್ಲಿ ಓಡಿದಳ್ರಿ ಇಕಿ?" ಎಂದರು ಮೌಶಿ, ಬಶಿಗೆ ಕಾಫಿ ಸುರುವಿಕೊಳ್ಳುತ್ತ.

"ಹತ್ತಾಗಾಕ ಇನ್ನೂ ಹನ್ನೆರಡು ನಿಮಿಷ ಅದರಿ," ಎಂದೆ.